ಸುಮ್ಮನಿರು ಎಂದ ಲಕೋಟೆ

ನನ್ನ ಸೋದರಮಾವನಿಗೆ ಆರು ವರ್ಷ ಸಂಬಳ ಬಂದದ್ದು ಅರ್ಧ ಕೆಲಸ ಮಾಡಿದ್ದಕ್ಕೆ, ಇನ್ನರ್ಧ ಮಾಡದೇ ಇದ್ದದ್ದಕ್ಕೆ. ಹೀಗೆಂದು ನಾನೇ ಅವನನ್ನು ರೇಗಿಸುತ್ತಿದ್ದೆ. ಊರವರು ಅವನನ್ನು ಮೋಡಪ್ಪ ಎನ್ನುತ್ತಿದ್ದರು.

ಬೆಟ್ಟದ ನೆತ್ತಿಯಲ್ಲಿ ಮೋಡಬಿತ್ತನೆಯ ಸಂಶೋಧನೆ ನಡೆಯುತ್ತಿತ್ತು. ಅಲ್ಲಿದ್ದದ್ದು ತಗಡಿನ ಒಂದು ಕೋಣೆ, ಮಳೆ ಅಳೆಯುವ ಡಬ್ಬಿ, ಹೊರಗೆ ಆಳೆತ್ತರದ ಗ್ಯಾಸ್ ಒಲೆ. ಬೆಳ್ಳಿಯ ಲವಣ ಬೆರೆತ ದ್ರಾವಣವನ್ನು ಅದರಲ್ಲಿ ಉರಿಸಿದರೆ ಹೊಗೆ ಮೋಡ ಸೇರಿ ಮಳೆ ಹೆಚ್ಚಬೇಕು. ನಿಜವಾಗಿ ಹೆಚ್ಚುತ್ತದೆಯೇ ಎಂದು ತಿಳಿಯಲು, ಸಂಶೋಧನೆ ನಡೆಸುತ್ತಿದ್ದ ಮೇಡಂ ಲಕೋಟೆಗಳನ್ನು ಇಟ್ಟಿದ್ದರು. ತಕ್ಕ ಮೋಡ ಬಂದ ದಿನ, ಒಲೆ ನೋಡಿಕೊಳ್ಳುತ್ತಿದ್ದ ಮಾವ ಒಂದನ್ನು ಒಡೆಯಬೇಕು. ಒಳಗಿನ ಚೀಟಿಯಲ್ಲಿ 'ಹೊತ್ತಿಸು' ಎಂದಿರುತ್ತಿತ್ತು, ಇಲ್ಲವೇ 'ಸುಮ್ಮನಿರು' ಎಂದು. ಕೊನೆಗೆ ಎರಡೂ ಬಗೆಯ ದಿನಗಳ ಮಳೆಯನ್ನು ಹೋಲಿಸುವುದು. ಫಲ ಕಂಡರೆ ನಮ್ಮೂರಿಗೆ ನೀರು ಕೊಡುವ ಬೆಟ್ಟಗಳಲ್ಲೆಲ್ಲ ಇಂಥ ಒಲೆಗಳು ಬರುತ್ತಿದ್ದವು. ಕಾಣದಿದ್ದರೆ ಇದ್ದ ಒಂದೂ ಬಂದ್.

ಕೆಳಗಿನ ಊರಿನಲ್ಲಿ ನನ್ನದು ಲಾಂಡ್ರಿ. ನಲ್ಲಿಗೆ ನೀರು ನಾಲ್ಕು ದಿನಕ್ಕೊಮ್ಮೆ. ಒಂದು ದಿನ ಆಸ್ಪತ್ರೆಯ ಹೊದಿಕೆಗಳ ಗಂಟು ಸೂರು ಮುಟ್ಟಿತ್ತು. ಕಿಟಕಿಯಲ್ಲಿ ನೋಡಿದರೆ ಬೆಟ್ಟದ ಮೇಲೆ ಕಾರ್ಮೋಡ. ಫೋನ್ ಮಾಡಿದೆ.

"ಮಾವ, ಹೊತ್ತಿಸಿದ್ಯಾ?"

"ಇಲ್ಲ ಕಣೆ. ಸುಮ್ಮನಿರು ಅಂತ ಬಂದಿದೆ."

"ಹಸಿದವರ ಮುಂದೆ ಅನ್ನದ ಪಾತ್ರೆ ಕಾಯ್ತಾ ಕೂತಿದ್ದೀಯಲ್ಲ, ನಾಚಿಕೆ ಆಗಲ್ವಾ? ಒಂದು ತುಂಡು ಕಾಗದಕ್ಕೆ ಇಷ್ಟು ಹೆದರ್ತೀಯಾ?"

ಎಲುಬಿಲ್ಲದ ನಾಲಿಗೆ, ಅಂದುಬಿಟ್ಟೆ. ಅವನು ಫೋನ್ ಇಟ್ಟು ಒಲೆ ಹೊತ್ತಿಸಿದ. ಸಂಜೆ ಚೆನ್ನಾಗಿ ಮಳೆ ಬಂತು. ನಾನು ಖುಷಿಪಟ್ಟೆ, ಈಗ ನೆನೆದರೆ ಮೈ ಉರಿಯುತ್ತದೆ.

ಆಮೇಲೆ ನಾನು ಹೇಳುವುದೇ ಬೇಕಾಗಲಿಲ್ಲ. ಕೊನೆಯ ಎರಡು ವರ್ಷಗಳಲ್ಲಿ ಅವನು ಸುಮ್ಮನಿರಬೇಕಾದ ಹನ್ನೊಂದು ದಿನ ಒಲೆ ಹೊತ್ತಿಸಿದ. ಪುಸ್ತಕದಲ್ಲಿ ಮಾತ್ರ 'ಸುಮ್ಮನಿದ್ದೆ' ಎಂದು ಬರೆದ.

ಫಲಿತಾಂಶ ಬಂತು. ಹೊತ್ತಿಸಿದ ದಿನಕ್ಕೂ ಹೊತ್ತಿಸದ ದಿನಕ್ಕೂ ಮಳೆಯಲ್ಲಿ ವ್ಯತ್ಯಾಸವೇ ಇಲ್ಲ! ಇರುವುದಾದರೂ ಹೇಗೆ? ಕೇಂದ್ರ ಮುಚ್ಚುವ ದಿನ ಮೇಡಂ ಬೆಟ್ಟ ಹತ್ತಿಬಂದು, "ನಿಮ್ಮಷ್ಟು ನಿಯತ್ತಾಗಿ ಯಾರೂ ಪುಸ್ತಕ ಬರೆದಿಲ್ಲ" ಎಂದು ಮಾವನ ಕೈ ಹಿಡಿದರಂತೆ. ಅವನಿಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟ.

"ಹನ್ನೊಂದು ತಾರೀಕೂ ನೆನಪಿದೆ ಮೇಡಂ. ತಗೊಂಡು ಸರಿಮಾಡಿ."

ಅವರು ಪುಸ್ತಕ ತೆರೆದು ಹಾಳೆ ತಿರುವಿದರಂತೆ. ಆಮೇಲೆ ಕೇಳಿದರಂತೆ: "ಒಳ್ಳೊಳ್ಳೆ ಮೋಡ ನೋಡಿ ಹೊತ್ತಿಸಿದ್ರಿ, ಅಲ್ವಾ?"

"ಹೂಂ."

"ಹಾಗಾದ್ರೆ ಸರಿಮಾಡೋಕಾಗಲ್ಲ. ಆ ಮಳೆ ಮೋಡದ್ದೋ ಒಲೆದೋ, ಹೇಗೆ ಹೇಳಲಿ? ನಮ್ಮ ಮನಸ್ಸು ಮೋಡ ಆರಿಸಬಾರದು ಅಂತಾನೇ ಲಕೋಟೆ ಇಟ್ಟಿದ್ದು." ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಕೇಳಿದರಂತೆ, "ಯಾರಾದ್ರೂ ಹೇಳಿಕೊಟ್ರಾ?"

"ಇಲ್ಲ. ನನ್ನದೇ ಬುದ್ಧಿ."

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿಸಿದವಳು ನಾನು, ಉಂಡವನು ಅವನು. ಈಗ ನನ್ನ ಲಾಂಡ್ರಿಯ ಒಳಕೋಣೆಯಲ್ಲೇ ಇಸ್ತ್ರಿ ಮಾಡುತ್ತಾನೆ. ಬೆಟ್ಟದ ಕಡೆಯ ಕಿಟಕಿಯನ್ನು ಅವನೇ ಮುಚ್ಚಿದ್ದಾನೆ. ನನ್ನನ್ನು ಒಂದು ದಿನವೂ ಬೈದಿಲ್ಲ. ಬೈದಿದ್ದರೆ ನನಗೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಹೋದ ವಾರ ಮೇಡಂ ಬಟ್ಟೆ ಕೊಡಲು ಬಂದರು. ಊರು ಬಿಡುತ್ತಾರಂತೆ. ಮಾವ ಒಳಗಿದ್ದದ್ದು ಅವರಿಗೆ ಗೊತ್ತಿರಲಿಲ್ಲ.

"ನಿಮ್ಮ ಮಾವ ಕೆಟ್ಟವರಲ್ಲಮ್ಮ. ಯಾಕೆ ಹಾಗೆ ಮಾಡಿದ್ರೋ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ನಿಮಗೇನಾದ್ರೂ ಗೊತ್ತಾ?"

ಒಳಗೆ ಇಸ್ತ್ರಿಯ ಸದ್ದು ನಿಂತಿತು. ಹೇಳಿಬಿಡಬೇಕು ಎಂದು ಬಾಯಿ ತೆರೆದೆ.

"ಗೊತ್ತಿಲ್ಲ ಮೇಡಂ" ಅಂದೆ.

ಒಳಗೆ ಇಸ್ತ್ರಿ ಮತ್ತೆ ಓಡಾಡತೊಡಗಿತು. ನಾನು ಬಟ್ಟೆಯ ಚೀಟಿ ಬರೆದು ಅವರ ಕೈಗೆ ಕೊಟ್ಟೆ.

"ಶುಕ್ರವಾರ ಬನ್ನಿ. ನೀರು ಬಂದ್ರೆ ಕೊಡ್ತೀನಿ."