ಶಾಂತವ್ವ ಒತ್ತದ ಹೆಬ್ಬೆಟ್ಟು

2003ರಲ್ಲಿ ನಾನು ರಾಮದುರ್ಗ ತಾಲೂಕಿನಲ್ಲಿ ಸಂಚಾರಿ ವಿಶೇಷ ಶಿಕ್ಷಕನಾಗಿದ್ದೆ. ಊರೂರಿನ ಶಾಲೆಗಳಿಗೆ ಹೋಗಿ ಅಂಧ ಮಕ್ಕಳಿಗೆ ಬ್ರೈಲ್ ಕಲಿಸುತ್ತಿದ್ದೆ. ಹತ್ತನೆಯ ತರಗತಿ ಮುಗಿಸುವವರ ಮುಂದಿನ ಬದುಕಿನ ಯೋಜನೆಯನ್ನು ಫಾರಂನಲ್ಲಿ ಬರೆದು ಕಚೇರಿಗೆ ಕಳಿಸುವುದೂ ನನ್ನ ಕೆಲಸವೇ.

ಸಾಲಹಳ್ಳಿಯ ಶಾಂತವ್ವನಿಗೆ ಆಗ ಹದಿನೇಳು ವರ್ಷ. ಹುಟ್ಟಿನಿಂದಲೇ ಕಣ್ಣು ಕಾಣದು. ಐದು ವರ್ಷ ನನ್ನ ಕೈಕೆಳಗೆ ಕಲಿತವಳು. ಫೆಬ್ರವರಿಯ ಒಂದು ಬೆಳಿಗ್ಗೆ ಮುಖ್ಯೋಪಾಧ್ಯಾಯರು, ಆಕೆಯ ತಂದೆ ಬಸಪ್ಪ ಮತ್ತು ನಾನು ಮೇಜಿನ ಸುತ್ತ ಕುಳಿತೆವು. ಶಾಂತವ್ವ ಗೋಡೆ ಬದಿಯ ಬೆಂಚಿನ ಮೇಲಿದ್ದಳು. ಹದಿನೈದು ನಿಮಿಷದಲ್ಲಿ ಫಾರಂ ತುಂಬಿತು: ಬೆಳಗಾವಿಯಲ್ಲಿ ಹಾಸ್ಟೆಲ್, ಕುರ್ಚಿ ಹೆಣೆಯುವ ತರಬೇತಿ.

"ಕುಂತಲ್ಲೇ ಮಾಡೂ ಕೆಲಸ. ಚಲೋ ಆತ್ರಿ," ಎಂದ ಬಸಪ್ಪ.

ವಿದ್ಯಾರ್ಥಿಯ ಸಹಿಯೊಂದು ಬಾಕಿ. ನಾನು ಶಾಯಿ ಪ್ಯಾಡ್ ಒಯ್ದು ಆಕೆಯ ಹೆಬ್ಬೆರಳು ಹಿಡಿದೆ. ಆಕೆ ಕೈ ಕಿತ್ತುಕೊಂಡಳು.

"ನನಗ ಸಹಿ ಮಾಡಾಕ ಬರತೈತ್ರಿ ಸರ್. ನೀವ ಕಲಿಸೀರಿ."

ನಾನು ಶಾಯಿ ಪ್ಯಾಡ್ ಮುಚ್ಚಿದೆ. ರಟ್ಟಿನಲ್ಲಿ ಕಿಂಡಿ ಕೊರೆದು, ಅದರೊಳಗೆ ಪೆನ್ನು ಓಡಿಸಿ ಹೆಸರು ಬರೆಯುವುದನ್ನು ತಿಂಗಳುಗಟ್ಟಲೆ ಕಲಿಸಿದವನು ನಾನೇ.

"ಮತ್ತ, ಖುರ್ಚಿ ಹೆಣೀತೇನಿ ಅಂತ ನಾ ಯಾವಾಗ ಹೇಳೇನ್ರಿ? ನಾ ಕಾಲೇಜಿಗೆ ಹೋಗಾಕಿ. ರಾಮದುರ್ಗದಾಗ ಪ್ರಿನ್ಸಿಪಾಲರನ್ನ ಕೇಳಿ ಬಂದೇನಿ. ಪರೀಕ್ಷಾದಾಗ ನಾ ಹೇಳಿದ್ದು ಬರಿಯಾಕ ಒಬ್ಬರನ್ನ ಕೊಡತಾರಂತ."

ಬಸಪ್ಪ ಎದ್ದು ನಿಂತ. "ಯಾರ ಕೂಡ ಹೋಗಿದ್ದಿ?"

"ಒಬ್ಬಾಕಿನ, ಬಸ್ಸಿನ್ಯಾಗ. ಕಂಡಕ್ಟರ್ ಇಳಿಸಿ ದಾರಿ ಹೇಳಿದ್ರು."

"ಬಿದ್ದಿದ್ರ?"

"ಏಳತಿದ್ನಿ."

ಬಸಪ್ಪ ಮೆಲ್ಲಗೆ ಕುಳಿತ. ನಾನು ಫಾರಂ ಹರಿದುಹಾಕಿದೆ.

ಮುಂದಿನ ಸೋಮವಾರ ಮತ್ತೆ ಸೇರಿದೆವು. ಈ ಸಲ ಶಾಂತವ್ವ ಮೇಜಿನ ಬಳಿ ಕುಳಿತು ಮೊದಲು ಮಾತನಾಡಿದಳು, ನಾನು ಬರೆದುಕೊಂಡೆ. ಓದಿನ ಭಯ ಆಕೆಗಿರಲಿಲ್ಲ. ಬಸ್ ನಿಲ್ದಾಣದ ಮುಂದಿನ ರಸ್ತೆ ದಾಟುವ ಭಯವಿತ್ತು. ಕೋಲು ಹಿಡಿದು ದಾಟುವುದನ್ನು ಎರಡು ವಾರ ಅಭ್ಯಾಸ ಮಾಡಿದೆವು. ಬಸಪ್ಪ ಒಪ್ಪುವಷ್ಟರಲ್ಲಿ ಜೂನ್ ಬಂತು. ಮೊದಲ ತಿಂಗಳು ಅವನೂ ದಿನಾ ಬಸ್ಸಿನಲ್ಲಿ ಜೊತೆಗೆ ಹೋದ. ಇಂಗ್ಲಿಷಿನಲ್ಲಿ ಒಮ್ಮೆ ಫೇಲಾಗಿ, ಮತ್ತೆ ಪರೀಕ್ಷೆ ಕಟ್ಟಿ ಪಾಸಾದ ಶಾಂತವ್ವ, 2009ರಲ್ಲಿ ಬೈಲಹೊಂಗಲದ ಒಂದು ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್ ಆದಳು.

ಆ ಫೆಬ್ರವರಿಯಲ್ಲೇ ನಾನು ನನ್ನ ಹಳೆಯ ಫಾರಂಗಳ ಪ್ರತಿಗಳನ್ನು ತೆಗೆದು ನೋಡಿದ್ದೆ. ಹನ್ನೊಂದು ಇದ್ದವು. ಪ್ರತಿಯೊಂದರಲ್ಲೂ 'ವಿದ್ಯಾರ್ಥಿಯ ಅಪೇಕ್ಷೆ' ಎಂಬ ಅಂಕಣವಿತ್ತು. ಪ್ರತಿಯೊಂದನ್ನೂ ನಾನೇ ತುಂಬಿದ್ದೆ, ಒಬ್ಬರನ್ನೂ ಕೇಳದೆ. ಮಕ್ಕಳ ಮೇಲೆ ನನಗೆ ಪ್ರೀತಿಯಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಪ್ರೀತಿಯಿದ್ದರೂ ಕೇಳಲೇಬೇಕು ಎಂಬುದು ತಿಳಿಯುವಾಗ ತಡವಾಗಿತ್ತು. ಆ ಹನ್ನೊಂದು ಮಂದಿಯನ್ನು ಹುಡುಕಿಕೊಂಡು ಹೊರಟೆ. ನಾಲ್ವರಷ್ಟೇ ಸಿಕ್ಕರು.