ನಾಲ್ಕು ಸರದಿ ಕಮ್ಮಿ

ಸಂಜೀವಣ್ಣ ಕೂತದ್ದನ್ನು ನಾನು ಕಂಡೇ ಇಲ್ಲ. ಕೊಲ್ಲಿ ದೇಶದಲ್ಲಿ, ಸಿತ್ರಾದ ಒಂದೇ ಪ್ಲಾಂಟಿನಲ್ಲಿ ನಾವಿಬ್ಬರೂ ಫಿಟ್ಟರುಗಳು, ಸೆಗಯಾದಲ್ಲಿ ಒಂದೇ ರೂಮು. ಊಟವನ್ನೂ ತಟ್ಟೆ ಕೈಯಲ್ಲಿ ಹಿಡಿದು, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ಮುಗಿಸುವ ಆಸಾಮಿ. “ಒಂದು ಕಡೆ ಕೂತ್ಕೊಳ್ಳಿ ಮಾರಾಯ್ರೆ, ನೋಡಿ ನೋಡಿ ನಂಗೆ ತಲೆ ತಿರುಗ್ತದೆ” ಅಂದರೆ, “ನೀನು ಆಚೆ ನೋಡು” ಎನ್ನುತ್ತಿದ್ದರು.

ಎಂಬತ್ತರ ಸುಮಾರಿಗೆ ಕಂಪೆನಿಯ ಅಮೆರಿಕನ್ನರು ಚಳಿಗಾಲದ ಶುಕ್ರವಾರಗಳಲ್ಲಿ ಬೇಸ್‌ಬಾಲ್ ಆಡುತ್ತಿದ್ದರು. ಜನ ಸಾಲದೆ ನಮ್ಮನ್ನೂ ಸೇರಿಸಿಕೊಂಡರು. ನನ್ನದು ಕ್ರಿಕೆಟ್ ಆಡಿದ ಕೈ, ಬೇಗ ಪಳಗಿತು. ಸ್ಕೋರು ಬರೆಯುವುದು ಸಂಜೀವಣ್ಣ. ಮೈದಾನದ ಅಂಚಿನಲ್ಲಿ ಪುಸ್ತಕ ಹಿಡಿದು ಅಡ್ಡಾಡುತ್ತಲೇ ಬರೆಯುವರು; ಒಂದು ಮ್ಯಾಚನ್ನೂ ಬಿಟ್ಟವರಲ್ಲ.

ಸೀಸನ್ನಿನ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲು ಬಂದವನ ಹೆಸರನ್ನು ಕಂಪೆನಿ ಕ್ಲಬ್ಬಿನ ಬೋರ್ಡಿನಲ್ಲಿ ಬರೆಯುತ್ತಿದ್ದರು. ಅದರಲ್ಲಿ ನಮ್ಮ ಕಡೆಯವರ ಹೆಸರು ಒಂದೂ ಇರಲಿಲ್ಲ. ಆ ವರ್ಷ ನನ್ನದೇ ಎಂದು ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ. ಕೊನೆಯ ಮ್ಯಾಚಿಗೆ ಎರಡು ದಿನ ಇರುವಾಗ ಸಂಜೀವಣ್ಣ ಬಾಂಬು ಹಾಕಿದರು.

“ಕಡಿಮೆ ಅಂದ್ರೂ ಅರುವತ್ತು ಸರದಿ ಬ್ಯಾಟ್ ಮಾಡಿರ್ಬೇಕು. ನಿಂದು ಐವತ್ತಾರು.”

“ಡ್ಯೂಟಿ ಇತ್ತಲ್ಲ ಸಂಜೀವಣ್ಣ! ಅದು ನನ್ನ ತಪ್ಪಾ?”

“ತಪ್ಪು ಅಂತ ಯಾರು ಹೇಳಿದ್ದು? ಕಮ್ಮಿ ಬಿದ್ದ ನಾಲ್ಕನ್ನೂ ಔಟ್ ಅಂತ ಸೇರಿಸ್ಬೇಕು. ಸೇರಿಸಿದ ಮೇಲೂ ಸರಾಸರಿಯಲ್ಲಿ ನೀನೇ ಮೇಲಿದ್ರೆ ನೀನೇ ಲೀಡರ್. ಸೇರಿಸಿ ನೋಡಿದೆ. ಫಿಲಿಪೀನ್ಸ್‌ನ ರೇ ಒಂದು ಕೂದಲಿನಷ್ಟು ಮುಂದೆ ಇದ್ದಾನೆ.”

ಆಡದ ಚೆಂಡಿಗೆ ಔಟಾಗುವುದೆಂದರೆ! ನನಗೆ ಮೈಯೆಲ್ಲ ಉರಿಯಿತು. ರೇಯ ತಂಡದ ಆಟಗಳು ಮುಗಿದಿದ್ದವು. ಕೊನೆಯ ಮ್ಯಾಚಿನಲ್ಲಿ ಆ ನಾಲ್ಕು ಸರದಿ ಆಡುವಾಗ ನನಗೆ ಒಂದೇ ಒಂದು ಹಿಟ್ ಸಿಕ್ಕಿದರೆ ಸಾಕಿತ್ತು. ಆದರೆ ಆ ಶುಕ್ರವಾರವೂ ನನಗೆ ಡ್ಯೂಟಿ.

ಸಂಜೀವಣ್ಣ ನಾಲ್ಕು ಸಲ ಕಿಟಕಿಗೆ ಹೋಗಿ ಬಂದರು. “ನಿನ್ನ ಡ್ಯೂಟಿ ನಾನು ಮಾಡ್ತೇನೆ. ಮ್ಯಾನೇಜರ್ ಹತ್ರ ನಾಳೆ ಹೇಳ್ತೇನೆ. ಸ್ಕೋರು ಬೇರೆ ಯಾರಾದ್ರೂ ಬರೀಲಿ.”

ಶುಕ್ರವಾರ ನಾಲ್ಕು ಸರದಿ ಸಿಕ್ಕಿತು. ನಾಲ್ಕರಲ್ಲೂ ಔಟ್. ಕೊನೆಯದಂತೂ ಎಂಥಾ ಹೊಡೆತ! ಒಬ್ಬ ಉದ್ದನೆಯ ಅಮೆರಿಕನ್ ಹಾರಿ ಹಿಡಿದುಬಿಟ್ಟ.

ಸಂಜೆ ಸಂಜೀವಣ್ಣ ಕಂಪೆನಿ ಬಸ್ಸಿನಿಂದ ಇಳಿದು ಬಂದವರು ಬೂಟನ್ನೂ ಬಿಚ್ಚದೆ ಕೇಳಿದರು, “ಎಂತಾಯ್ತು?”

“ಎಂತಾಗ್ಲಿಕ್ಕೆ? ಹೋಗದಿದ್ರೂ ನಾಲ್ಕು ಔಟು, ಹೋದ್ರೂ ನಾಲ್ಕು ಔಟು. ನೀವು ಸುಮ್ಮನೆ ದುಡಿದು ಸತ್ತಿರಿ.”

“ಎರಡೂ ಒಂದೇ ಹೇಗೆ ಆಗ್ತದೆ ಮಾರಾಯ? ಇದು ನೀನು ಆಡಿ ಆದದ್ದಲ್ವಾ? ಒಂದೊಂದೇ ಹೇಳು, ಕೇಳ್ತೇನೆ.”

ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಅವರು ಎಷ್ಟೋ ಹೊತ್ತು ಕಾದರು. ಆ ಹೊಡೆತದ ಕಥೆಯನ್ನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಬೋರ್ಡಿನಲ್ಲಿ ರೇಯ ಹೆಸರು ಬಂತು, ನನ್ನ ಮುನಿಸು ಇಳಿಯಲಿಲ್ಲ. ನಿಯಮ ಮಾಡಿದವರು ಅವರಲ್ಲವೆಂದು ಗೊತ್ತಿದ್ದೂ ಅವರ ಮೇಲೆಯೇ ಸಿಟ್ಟು. ಎಂಥಾ ಮೂರ್ಖ ನಾನು!

ಎರಡು ತಿಂಗಳಿಗೆ ಅವರ ಕಾಂಟ್ರಾಕ್ಟು ಮುಗಿಯಿತು. ಹೊರಡುವ ಬೆಳಿಗ್ಗೆ, “ಏರ್‌ಪೋರ್ಟಿಗೆ ಬರ್ತೀಯಾ?” ಎಂದು ಕೇಳಿದರು.

“ಡ್ಯೂಟಿ ಉಂಟು” ಅಂದೆ. ಸುಳ್ಳು. ನನ್ನ ಡ್ಯೂಟಿಯ ಪಟ್ಟಿ ನನಗಿಂತ ಚೆನ್ನಾಗಿ ಅವರಿಗೆ ಬಾಯಿಪಾಠವಿತ್ತು.

ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನನ್ನ ಟಿಫಿನ್ ಡಬ್ಬಿಯನ್ನು ಎತ್ತಿ ಕೈಗೆ ಕೊಟ್ಟು, “ಹಾಗಾದ್ರೆ ಬೇಗ ಹೋಗು, ಬಸ್ಸು ತಪ್ಪೀತು” ಅಂದರು.