ಮುಯ್ಯಿಗೆ ಹೋದ ಹಡಗುಗಳು

ಮೊನ್ನೆ ಕೆ.ಆರ್.ಪೇಟೆಯ ರಿಪೇರಿ ಅಂಗಡಿಯವನು ಅತ್ತೆಯ ಹಳೇ ಫೋನಿನ ಕವರು ಕಿತ್ತಿದ್ದೇ ತಡ, ನೀಲಗಿರಿ ಎಣ್ಣೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. "ಏನ್ ಸಾ, ಫೋನಿಗೂ ಮಂಡಿನೋವಾ?" ಎಂದ. ನಗು ಬಂತು.

ನನ್ನ ಸೋದರತ್ತೆ ಕ್ಯಾತನಹಳ್ಳಿಯಲ್ಲಿ ಕಬ್ಬು, ಭತ್ತದ ನಡುವೆ ಬೆಳೆದವಳು. ಮದುವೆಯಾಗಿ ಬಂದದ್ದು ಕೆ.ಆರ್.ಪೇಟೆಗೆ. ನಾನು ಅವಳ ಮನೆಯಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ಮನೆಯವರ ನಂಬಿಕೆ. ನಿಜವಾಗಿ ಮಾಡುತ್ತಿದ್ದದ್ದು ಬಾಹ್ಯಾಕಾಶದಲ್ಲಿ ಒಂದು ಗ್ರಹವನ್ನು ಕಾಯುವ ಕೆಲಸ. ನನ್ನ ಫೋನಿನ ಗಾಜು ಒಡೆದದ್ದರಿಂದ ಆ ಆಟ ಅತ್ತೆಯ ಫೋನಿಗೆ ಬಂತು. ಫೋನು ಅವಳದು, ಹಾಗಾಗಿ ಗ್ರಹದ ಯಜಮಾನಿಕೆಯೂ ಅವಳದೇ ಆಯಿತು. ಮಂಡಿಗೆ ಎಣ್ಣೆ ತಿಕ್ಕಿದ ಕೈಯಲ್ಲೇ ನಕ್ಷತ್ರಗಳನ್ನು ಸರಿಸುತ್ತಿದ್ದಳು.

ಆಟದಲ್ಲಿ ಲೋಹ ಕೂಡಿಡಬೇಕು, ಅದರಿಂದ ಹಡಗು ಕಟ್ಟಬೇಕು. ಹೊಡೆದಾಡುವ ಹಡಗೋ, ಸಾಮಾನು ಹೊರುವ ಹಡಗೋ, ಅದು ನಮ್ಮಿಷ್ಟ. ಒಟ್ಟಿಗೆ ಆಡುವವರ ನಮ್ಮ ಕೂಟದಲ್ಲಿ ಎಲ್ಲೆಲ್ಲಿಯವರೋ ಇದ್ದರು. ಯಾರಿಗಾದರೂ ಲೋಹ ಬೇಕಾದರೆ ಅವರ ಗ್ರಹದ ಮೇಲೆ ಚಾಚಿದ ಕೈಯ ಚಿತ್ರ ಮಿನುಗುತ್ತಿತ್ತು.

ಒಮ್ಮೆ ಬೇರೆ ಕೂಟದ ಕೆಂಪು ಬಾವುಟದವನೊಬ್ಬ, ಭಾನುವಾರ ದಾಳಿ ಮಾಡುತ್ತೇನೆಂದು ಸಾರಿದ. ಮಳೆಗಾಲವಿಡೀ ಕೂತು ಕಟ್ಟಿದ ಕೋಟೆ ಪುಡಿಯಾಗುವ ಹಾಗಿತ್ತು. ಇದ್ದಬದ್ದ ಲೋಹವನ್ನೆಲ್ಲ ಹೊಡೆದಾಡುವ ಹಡಗಿಗೆ ಹಾಕೋಣವೆಂದೆ.

"ಹೊಡ್ದಾಡೋವು ಯಾಕ್ಲಾ? ಹೊರೋವ್ನ ಮಾಡು. ಕಬ್ಬ ಕಡ್ದಾಕ್ಬುಟ್ರೆ ಆಗೋಯ್ತಾ? ಗಾಡಿ ಬರ್ನಿಲ್ಲ ಅಂದ್ರೆ ಗದ್ದೇಲೇ ಒಣಗೋಯ್ತದೆ."

"ಇದು ಯುದ್ಧ ಕಣತ್ತೆ, ಕಬ್ಬಲ್ಲ!"

ಅತ್ತೆ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. ಅವಳು ವಾದ ಬಿಟ್ಟು ಎದ್ದಳೆಂದರೆ ಏನೋ ಮಾಡುತ್ತಾಳೆಂದೇ ಅರ್ಥ. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಲೋಹವೆಲ್ಲ ಖಾಲಿ. ಅಷ್ಟಕ್ಕೂ ಹೊರುವ ಹಡಗು ಮಾಡಿಸಿ, ಲೋಹ ತುಂಬಿ, ಎಲ್ಲೆಲ್ಲಿ ಕೈ ಮಿನುಗುತ್ತಿತ್ತೋ ಅಲ್ಲಿಗೆಲ್ಲ ಕಳಿಸಿಬಿಟ್ಟಿದ್ದಳು.

"ಯಾರ್ನ ಕೇಳಿ ಕಳಿಸ್ದೆ?" ಎಂದು ಕಿರುಚಿದೆ.

"ಮುಯ್ಯಿಗೆ ಹೋಗವೆ ಕಣ್ಲಾ. ನಾಳೆ ಅವ್ರೂ ಬತ್ತಾರೆ."

ಅವಳ ಊರಿನಲ್ಲಿ ನಾಟಿಯ ಕಾಲಕ್ಕೆ ಹಾಗೇ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಕೂಲಿಯಿಲ್ಲ, ಊಟ ಮಾತ್ರ. ಆದರೆ ಮುಖ ಕಾಣದವರ ಜೊತೆ, ಅದೂ ಆಕಾಶದಲ್ಲಿ, ಯಾರಾದರೂ ಮುಯ್ಯಾಳು ಮಾಡುತ್ತಾರೆಯೇ!

ಭಾನುವಾರ ಅತ್ತೆ ಅವರೆಕಾಳು ಸಾರಿಟ್ಟು, ದೊಡ್ಡ ಪಾತ್ರೆಯಲ್ಲಿ ಮುದ್ದೆ ತಿರುವಿದಳು. ಇಷ್ಟು ಯಾರಿಗೆಂದು ಕೇಳಿದರೆ, ಮುಯ್ಯಾಳು ಬರುವ ದಿನ ಅಡುಗೆ ಕಮ್ಮಿ ಬೀಳಬಾರದಂತೆ.

"ಹಡಗು ಮುದ್ದೆ ಉಣ್ತದಾ ಅತ್ತೆ?"

"ನೀನುಣ್ತೀಯಲ್ಲ, ಸುಮ್ಕಿರು."

ಕೆಂಪು ಬಾವುಟದವನು ಬಂದ. ಮಿಕ್ಕವರು ಯಾರೂ ಬರಲಿಲ್ಲ. ಕೋಟೆ ನೆಲಸಮವಾಯಿತು. ನಾನು ಮುದ್ದೆ ಮುಂದಿಟ್ಟುಕೊಂಡು ಮುಖ ಊದಿಸಿ ಕೂತೆ. ಅತ್ತೆ ಫೋನನ್ನು ಬೋರಲು ಹಾಕಿದಳು. "ಅವ್ರ ಗದ್ದೇಲೂ ಕೆಲ್ಸ ಇರ್ತದೆ ಕಣ್ಲಾ. ಬತ್ತಾರೆ ಬುಡು."

ಅದಾದ ಮಾರನೆಯ ದಿನವೇ ಫೋನು ಅವಳ ಸೊಂಟದಿಂದ ಜಾರಿ ಕಲಗಚ್ಚಿನ ಬಾನಿಗೆ ಬಿತ್ತು. ಹಸು ಮೂಸಿ ನೋಡಿ ಬೇಡವೆಂದಿತು. ಆಟ ಅದರೊಳಗೇ ಸತ್ತಿತು. ಅತ್ತೆಯ ಲೆಕ್ಕದಲ್ಲಿ ಮಾತ್ರ ಮುಯ್ಯಿ ಇನ್ನೂ ಬಾಕಿಯಿತ್ತು. ನಾನು ಕೆಲಸ ಹಿಡಿದು ಪಾಂಡವಪುರಕ್ಕೆ ಹೋದ ಮೇಲೂ, ಯಾವಾಗ ಸಿಕ್ಕರೂ ಮೊದಲು ಕೇಳುತ್ತಿದ್ದುದು ಅದನ್ನೇ: "ಬಂದ್ರೇನ್ಲಾ?" ಹೋದ ವರ್ಷ ಆಸ್ಪತ್ರೆಯ ಮಂಚದ ಮೇಲೂ ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ. "ಬತ್ತಾರೆ ಬುಡು," ಎಂದು ಕಣ್ಣು ಮುಚ್ಚಿದಳು... ಅದೇ ಅವಳ ಕೊನೆಯ ಮಾತು.

ಒಳಗೆ ಅವಳ ಒಂದೆರಡು ಫೋಟೋ ಸಿಕ್ಕರೆ ಸಾಕೆಂದು ಮೊನ್ನೆ ಆ ಫೋನನ್ನು ರಿಪೇರಿಗೆ ಕೊಟ್ಟಿದ್ದೆ. ಪರದೆ ಬೆಳಗಿತು. ಆಟದ ಗುರುತು ಕಂಡು, ಅಂಗಡಿಯವನ ನೆಟ್ ಹಾಕಿಸಿಕೊಂಡು ಒತ್ತಿದೆ. ಬರೀ ನೆಲ ಕಾಣುತ್ತದೆಂದುಕೊಂಡಿದ್ದರೆ, ಕೋಟೆ ಎದ್ದು ನಿಂತಿತ್ತು! ಸುತ್ತಲೂ ಎಲ್ಲೆಲ್ಲಿಯವರದೋ ಹಡಗುಗಳು ಲೋಹ ಇಳಿಸಿ ಸಾಲಾಗಿ ನಿಂತಿದ್ದವು. ಹೊಡೆದಾಡುವುದು ಒಂದೂ ಇಲ್ಲ. ಎಲ್ಲ ಹೊರುವವೇ.

ಮೂಲೆಯ ಗ್ರಹವೊಂದರ ಮೇಲೆ ಕೈ ಮಿನುಗುತ್ತಿತ್ತು. ನಾನು ಹೊರುವ ಹಡಗನ್ನೇ ಒತ್ತಿದೆ.

"ಫೈಟರ್ ಮಾಡಿ ಸಾ, ಹೊಡ್ದಾಕ್ಬುಡ್ತಾರೆ," ಎಂದ ಅಂಗಡಿಯವನು.

"ನೀನು ಸುಮ್ಕಿರಯ್ಯ," ಎಂದೆ.

ಫೋನು ಕೈಯಲ್ಲಿ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಕೈಯೆಲ್ಲ ನೀಲಗಿರಿ ಎಣ್ಣೆಯ ವಾಸನೆ. "ಬಂದವ್ರೆ ಕಣತ್ತೆ," ಎಂದು ಜೋರಾಗಿಯೇ ಹೇಳಿದೆ. ಪಕ್ಕದಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಕೇಳಬೇಕಾದವಳೇ ಇರಲಿಲ್ಲ.